ಕಲ್ಲಿನ ತೋಟಕ್ಕೂ ಆರೈಕೆ ಬೇಕು

‘ಜಪಾನಿನ ಕಲ್ಲು-ಮರಳಿನ ತೋಟ ಒಮ್ಮೆ ಮಾಡಿಟ್ಟರೆ ಸಾಕು, ನೀರೂ ಬೇಡ, ಆಳೂ ಬೇಡ’ ಅಂತ ಕ್ಯೋಟೋದ ರ್ಯೋಆನ್‌ಜಿ ದೇವಾಲಯದ ಫೋಟೋ ಜೊತೆ ಸಂದೇಶವೊಂದು ಓಡಾಡುತ್ತಿದೆ. ನೀರಿನ ಮಾತು ಅರ್ಧ ನಿಜ. ಆ ತೋಟದೊಳಗೆ ಕೊಳವಿಲ್ಲ, ಆದರೆ 15 ಬಂಡೆಗಳ ಬುಡದಲ್ಲಿ ಹಸಿರು ಪಾಚಿ ಇದೆ. ಅದಕ್ಕೆ ತೇವ ಬೇಕೇ ಬೇಕು. ಆಳು ಬೇಡ ಅನ್ನೋದು ಮಾತ್ರ ಪೂರ್ತಿ ಸುಳ್ಳು.

ಅಂದ ಹಾಗೆ, ಅದು ಮರಳಲ್ಲ, ಬಿಳಿ ಜಲ್ಲಿ. ಅದರ ಮೇಲಿನ ಗೆರೆಗಳು ಮಳೆ-ಗಾಳಿಗೆ ಕದಡುತ್ತವೆ. ಮೊದಲು ಬಿದ್ದ ಎಲೆ ಹೆಕ್ಕಬೇಕು, ಕಳೆ ಕೀಳಬೇಕು. ಆಮೇಲೆ ಮರದ ಹಲ್ಲುಕುಂಟೆ ಹಿಡಿದು ಮತ್ತೆ ಗೆರೆ ಎಳೆಯುತ್ತಾ, ತಮ್ಮ ಹೆಜ್ಜೆಗುರುತನ್ನು ತಾವೇ ಅಳಿಸುತ್ತಾ ಹಿಂದಕ್ಕೆ ಸರಿಯಬೇಕು. ಸುಮ್ನೆ ಆಗುವ ಕೆಲಸವಲ್ಲ, ಅಲ್ವಾ? ಮಣ್ಣಿನ ಗೋಡೆಯಾಚೆ ಚೆರ್ರಿ ಮರ ಬೇರೆ ಇದೆ. ದಳ ಉದುರುವ ದಿನಗಳಲ್ಲಂತೂ ಹೆಕ್ಕೋದು ಇನ್ನೂ ಜಾಸ್ತಿ.