ಲಾವೋಸಿನಲ್ಲಿ ಮುದ್ದೆ ನುಂಗಿದವನು

ಮುದ್ದೆಯನ್ನು ಅಗಿದು ತಿನ್ನುವವರನ್ನು ಕಂಡರೆ ನನ್ನ ಮಂಡ್ಯದ ಗೆಳೆಯನಿಗೆ ಆಗುವುದಿಲ್ಲ. ಸಾರಲ್ಲಿ ಅದ್ದು, ನುಂಗು, ಮುಂದಿನ ತುತ್ತಿಗೆ ಕೈ ಹಾಕು, ಅಷ್ಟೇ ಅವನ ಸಿದ್ಧಾಂತ. ಎಲ್ಲರೂ ಥಾಯ್ಲೆಂಡಿಗೋ ವಿಯೆಟ್ನಾಮಿಗೋ ಹೋಗ್ತಾರೆ, ನಾವು ಅವೆರಡರ ಮಧ್ಯೆ ಸುಮ್ನೆ ಕೂತಿರುವ ಲಾವೋಸಿಗೆ ಹೋಗೋಣ ಅಂತ ಹಟ ಹಿಡಿದವನೂ ಅವನೇ. 'ಸಮುದ್ರವೇ ಇಲ್ಲದ ದೇಶ ಕಣೋ, ಮೀನಿನ ಕಾಟ ಇರಲ್ಲ' ಅಂತ ಸಸ್ಯಾಹಾರಿಯಾದ ನನಗೆ ಆಸೆ ಬೇರೆ ಹುಟ್ಟಿಸಿದ್ದ. ಮೆಕಾಂಗ್ ನದಿಯನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಆ ನದಿಯಲ್ಲೇ ನಮ್ಮ ಪ್ರಯಾಣ. ಥಾಯ್ ಗಡಿಯ ಹುಯೇ ಸಾಯ್ ಊರಿನಿಂದ ಲುವಾಂಗ್ ಪ್ರಬಾಂಗಿಗೆ ದೋಣಿಯಲ್ಲಿ ಎರಡು ದಿನ. ರಾತ್ರಿ ಪಾಕ್‌ಬೆಂಗ್ ಎಂಬ ಊರಲ್ಲಿ ತಂಗಬೇಕು. ದೋಣಿಯೊಳಗೆ ಹಳೇ ವ್ಯಾನುಗಳ ಸೀಟು ಕಿತ್ತು ತಂದು ಸಾಲಾಗಿ ಇಟ್ಟಿದ್ದರು. ಇಟ್ಟಿದ್ದರು ಅಷ್ಟೇ, ಬೋಲ್ಟ್ ಹಾಕಿರಲಿಲ್ಲ. ಮುಂದಿನ ಸೀಟಿನ ದಢೂತಿ ಆಸಾಮಿ ಆರಾಮಾಗಿ ಒರಗಿದಾಗಲೆಲ್ಲ ಸೀಟು ಸಮೇತ ನಮ್ಮ ಮಡಿಲಿಗೆ ಬರುತ್ತಿದ್ದ. ಸಂಜೆ ಹೊತ್ತಿಗೆ ನಮಗೂ ಅವನಿಗೂ ಒಂಥರಾ ನೆಂಟಸ್ತನವೇ ಬೆಳೆದಿತ್ತು.

ಲುವಾಂಗ್ ಪ್ರಬಾಂಗ್ ಚೆಂದದ ಊರು. 1995ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದೆ. ಬೆಳಗಿನ ಜಾವ ಭಿಕ್ಷುಗಳು ಸಾಲಾಗಿ ಬರುತ್ತಾರೆ, ಜನ ಅವರ ಪಾತ್ರೆಗೆ ಅಂಟು ಅನ್ನ ಹಾಕುತ್ತಾರೆ. ಇದನ್ನೆಲ್ಲ ಭಕ್ತಿಯಿಂದ ನೋಡಿದ ಗೆಳೆಯನಿಗೆ ಹಸಿವು ಶುರುವಾಯಿತು. ಹೋಟೆಲಿನ ಅಜ್ಜಿ ಪುಟ್ಟ ಬಿದಿರಿನ ಬುಟ್ಟಿಯಲ್ಲಿ ಅದೇ ಅನ್ನ ತಂದಿಟ್ಟರು. ಹೆಸರು ಖಾವ್ ನಿಯಾವ್. ಜೊತೆಗೆ ಸುಟ್ಟ ಮೆಣಸಿನಕಾಯಿಯ ಚಟ್ನಿ. ಕೈಯಲ್ಲಿ ಒಂದಿಷ್ಟು ಅನ್ನ ಮುರಿದು, ಉಂಡೆ ಮಾಡಿ, ಅದ್ದಿ ತಿನ್ನಬೇಕು. ಕೈಯಲ್ಲಿ ತಿನ್ನೋದು ಅಂದ ತಕ್ಷಣ ಅವನ ಮುಖ ಅರಳಿತು. ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಅದ್ದಿ, ಗುಳುಂ.

ಮುದ್ದೆ ಜಾರುತ್ತದೆ. ಖಾವ್ ನಿಯಾವ್ ಜಾರುವುದಿಲ್ಲ.

ಕಣ್ಣು ಹೊರಬಂತು, ಮುಖ ಕೆಂಪಾಯಿತು, ಕೈ ಟೇಬಲ್ ಬಡಿಯತೊಡಗಿತು. ಚಟ್ನಿ ಖಾರ ಇರಬೇಕು ಅಂದುಕೊಂಡು ನಾನು ಸೌತೆಕಾಯಿ ಕೊಟ್ಟೆ. ಅಜ್ಜಿಗೆ ಮಾತ್ರ ಕೂಡಲೇ ಅರ್ಥವಾಯಿತು. ಓಡಿಬಂದು ಬೆನ್ನಿಗೆ ಗುದ್ದಿದರು ನೋಡಿ, ಉಂಡೆ ಹೊರಗೆ ಬಂದು ಪಕ್ಕದ ಟೇಬಲ್ಲಿನ ಫ್ರೆಂಚ್ ದಂಪತಿಯ ಕಾಫಿ ಹತ್ತಿರ ಬಿತ್ತು. ಆಮೇಲೆ ಅಜ್ಜಿ ಎದುರು ಕೂತು, ಬಾಯಿ ದೊಡ್ಡದಾಗಿ ಆಡಿಸುತ್ತಾ, ಅಗಿಯೋದು ಹೇಗೆ ಅಂತ ಕಲಿಸಿದರು. ನಲವತ್ತು ದಾಟಿದ ಗಂಡಸಿಗೆ!

ನನ್ನ ಪಾಡೇನು ಕಮ್ಮಿಯಿರಲಿಲ್ಲ. ಹಸಿ ಪಪ್ಪಾಯಿ ಕೋಸಂಬರಿ ಹೇಳಿದ್ದೆ. ಒರಳಲ್ಲಿ ಪಪ್ಪಾಯಿ, ಟೊಮೆಟೊ, ನಿಂಬೆ, ಮೆಣಸು ಕುಟ್ಟುವುದನ್ನು ನಿಂತು ನೋಡಿದೆ. ಮೀನಿನ ಸುಳಿವೇ ಇರಲಿಲ್ಲ. ಕೊನೆಗೆ ಒಂದು ಜಾಡಿಯಿಂದ ಕಂದು ಬಣ್ಣದ ರಸ ಬಿತ್ತು. ಹುಣಸೆ ರಸ ಅಂದುಕೊಂಡು ಬಾಯಿ ಚಪ್ಪರಿಸಿದೆ. ಅದು ಪಾಡೇಕ್. ಮೀನನ್ನು ಉಪ್ಪು, ಅಕ್ಕಿ ತೌಡಿನ ಜೊತೆ ತಿಂಗಳುಗಟ್ಟಲೆ ಕೊಳೆಹಾಕಿದ ರಸ. ಬಿಲ್ಲು ಒಂದು ಲಕ್ಷ ಇಪ್ಪತ್ತು ಸಾವಿರ ಕಿಪ್ ಅಂದಾಗ ಗೆಳೆಯನಿಗೆ ಇನ್ನೊಂದು ಸಲ ಗಂಟಲು ಕಟ್ಟಿತು. ನಮ್ಮ ದುಡ್ಡಲ್ಲಿ ಐನೂರು ರೂಪಾಯಿ ಆಸುಪಾಸು, ಅಷ್ಟೇ ಬಿಡಿ.

ಅಲ್ಲಿಂದ ರಾಜಧಾನಿ ವಿಯೆಂಟಿಯಾನಿಗೆ ರೈಲು. 2021ರ ಡಿಸೆಂಬರಿನಲ್ಲಿ ಶುರುವಾದ, ಚೀನಾದ ಗಡಿವರೆಗೆ ಹೋಗುವ ಲೈನ್ ಅದು. ಎರಡು ಗಂಟೆಯೊಳಗೆ ತಲುಪಿಸುತ್ತದೆ. ಆದರೆ ನಿಲ್ದಾಣದಲ್ಲಿ ತಪಾಸಣೆ ವಿಮಾನದ ಥರ. ಸ್ಪ್ರೇ ಡಬ್ಬಿ ಒಯ್ಯುವಂತಿಲ್ಲ. ನಮ್ಮ ಸೊಳ್ಳೆ ಸ್ಪ್ರೇ ಅಲ್ಲೇ ಉಳಿಯಿತು. ಆಮೇಲೆ ಸಿಕ್ಕಿದ್ದು ಗೆಳೆಯನ ಹೆಂಡತಿ ಕಟ್ಟಿಕೊಟ್ಟಿದ್ದ ಪ್ಲಾಸ್ಟಿಕ್ ಕವರು. ಒಳಗೆ ಕೆಂಪು ಪುಡಿ. ಸಿಬ್ಬಂದಿಯೊಬ್ಬ ಮೂಗಿಗೆ ಹಿಡಿದು ಜೋರಾಗಿ ಎಳೆದುಕೊಂಡ. ಸೀನಿದ. ಇನ್ನೊಬ್ಬನನ್ನು ಕರೆದ. ಅವನೂ ಸೀನಿದ. ಮೂರನೆಯವಳು ಜಾಣೆ, ದೂರದಿಂದಲೇ ನೋಡಿ ನಕ್ಕಳು. ಕೊನೆಗೆ ಗೆಳೆಯ ಒಂದು ಚಿಟಿಕೆ ನಾಲಿಗೆ ಮೇಲೆ ಹಾಕಿಕೊಂಡು, ಎಲ್ಲರಿಗೂ ಕಾಣುವ ಹಾಗೆ ಚಪ್ಪರಿಸಿ ತೋರಿಸಿದ.

ಚಟ್ನಿಪುಡಿ ವಾಪಸ್ ಬಂತು. ಸೊಳ್ಳೆ ಸ್ಪ್ರೇ ಬರಲಿಲ್ಲ. ಈ ಸುದ್ದಿ ವಿಯೆಂಟಿಯಾನಿನ ಸೊಳ್ಳೆಗಳಿಗೆ ನಮಗಿಂತ ಮೊದಲೇ ಮುಟ್ಟಿತ್ತು.