ಏನೂ ತೊಂದರೆಯಿಲ್ಲದ ಫೋನು

ಹಳೆಯ ಮೊಬೈಲನ್ನು ಇನ್ನೊಬ್ಬರಿಗೆ ದಾಟಿಸುವವರು ಮೊದಲು ಹೇಳುವ ಮಾತು ಒಂದೇ: ‘ಏನೂ ತೊಂದರೆಯಿಲ್ಲ, ಹೊಸದು ತೆಗೆದುಕೊಂಡೆ, ಅದಕ್ಕೇ ಕೊಡುತ್ತಿದ್ದೇನೆ.’ ಸೂಚನೆಗಳು ಬರುವುದು ಆಮೇಲೆ. ಸಾಗರದ ಭಾವನವರು 2016ರಲ್ಲಿ ಕೊಂಡಿದ್ದ ಆಂಡ್ರಾಯ್ಡ್ ಫೋನನ್ನು ನನ್ನ ಕೈಗಿಟ್ಟಾಗ ಆ ಸೂಚನೆಗಳು ಹನುಮಂತನ ಬಾಲದಂತೆ ಬೆಳೆದವು. ಚಾರ್ಜರಿನ ಪಿನ್ನನ್ನು ಎಡಕ್ಕೆ ಒತ್ತಿ ಕೆಳಗೆ ಪಂಚಾಂಗ ಇಡಬೇಕು. ಪಂಚಾಂಗವೇ ಆಗಬೇಕು, ಬೇರೆ ಪುಸ್ತಕಗಳ ದಪ್ಪ ಹೊಂದುವುದಿಲ್ಲ. ಕರೆ ಬಂದರೆ ಸ್ಪೀಕರ್ ಒತ್ತಿಯೇ ಮಾತನಾಡಬೇಕು, ಹಾಗಾಗಿ ಮನೆಯ ಗುಟ್ಟುಗಳನ್ನು ಅದರಲ್ಲಿ ಆಡುವಂತಿಲ್ಲ. ಹಿಂಬದಿಯ ಮುಚ್ಚಳ ತುಸು ಎದ್ದಿದೆ, ಅದಕ್ಕೊಂದು ರಬ್ಬರ್ ಬ್ಯಾಂಡ್. ಇಷ್ಟೆಲ್ಲ ಹೇಳಿ ‘ಮಿಕ್ಕಂತೆ ಹೊಸದರ ಹಾಗೆಯೇ ಇದೆ’ ಎಂದರು.

ನಮ್ಮ ಬಳಗದಲ್ಲಿ ಕೈಕೊಟ್ಟ ಫೋನುಗಳೆಲ್ಲ ಕೊನೆಗೆ ನನ್ನಲ್ಲಿಗೇ ಬರುತ್ತವೆ. ಕಾರಣ ಅಮ್ಮ. ಕರೆ ಬಂದೊಡನೆ ಅವಳ ಫೋನಿನ ಪರದೆ ಕಪ್ಪಾಗಿ, ಮಾತು ಮುಗಿದರೂ ಹಾಗೆಯೇ ಉಳಿಯುತ್ತಿತ್ತು. ಕಿವಿ ಹತ್ತಿರ ಬಂದಿದೆಯೇ ಎಂದು ನೋಡಲು ಪರದೆಯ ಮೇಲ್ತುದಿಯಲ್ಲಿ ಒಂದು ಪುಟ್ಟ ಸೆನ್ಸರ್ ಇರುತ್ತದೆ. ಅಂಗಡಿಯವನು ಟೆಂಪರ್ಡ್ ಗ್ಲಾಸನ್ನು ಸರಿಯಾಗಿ ಅದರ ಮೇಲೆಯೇ ಅಂಟಿಸಿದ್ದ; ಫೋನಿನ ಲೆಕ್ಕದಲ್ಲಿ ಅಮ್ಮ ಕಿವಿಯಿಂದ ಫೋನನ್ನು ತೆಗೆದೇ ಇರಲಿಲ್ಲ. ಗಾಜು ಕಿತ್ತು ಹಾಕಿದೆ, ಸರಿಹೋಯಿತು. ಅಂದಿನಿಂದ ಅಮ್ಮ ಮದುವೆ ಮನೆಗಳಲ್ಲಿ ನನ್ನ ಬಗ್ಗೆ ಆಡಬಾರದ ಮಾತುಗಳನ್ನು ಆಡಿದ್ದಾಳೆ. ಮಿಕ್ಸಿ ಹಿಡಿದುಕೊಂಡು ಬಂದವರೂ ಇದ್ದಾರೆ.

ಭಾವನವರ ಫೋನಿನ ರಬ್ಬರ್ ಬ್ಯಾಂಡ್ ಬಿಚ್ಚಿದೊಡನೆ ಮುಚ್ಚಳ ತಾನಾಗಿಯೇ ಎದ್ದು ಕುಳಿತಿತು. ಬ್ಯಾಟರಿಯನ್ನು ತೆಗೆದು ಮೇಜಿನ ಮೇಲಿಟ್ಟು ಬೆರಳಿನಿಂದ ಚಿಮ್ಮಿದೆ. ಸಪಾಟಾದ ಬ್ಯಾಟರಿ ಬಿದ್ದಲ್ಲೇ ಬಿದ್ದಿರುತ್ತದೆ. ಇದು ಗಿರಗಿರನೆ ತಿರುಗಿತು. ಲಿಥಿಯಂ ಅಯಾನ್ ಬ್ಯಾಟರಿ ಹಳತಾದಂತೆ ಒಳಗಿನ ದ್ರಾವಣ ವಿಭಜನೆಯಾಗಿ ಅನಿಲ ತುಂಬಿಕೊಳ್ಳುತ್ತದೆ, ಹೊಟ್ಟೆ ಊದುತ್ತದೆ. ಅದನ್ನು ಒತ್ತಬಾರದು, ಚುಚ್ಚಲಂತೂ ಬಾರದು, ಬೆಂಕಿ ಹೊತ್ತಿಕೊಳ್ಳಬಹುದು ಎಂದು ಭಾವನವರಿಗೆ ಕರೆ ಮಾಡಿ ವಿವರಿಸಿದೆ. ‘ಊದಿದ್ದರೆ ಒಳ್ಳೆಯದೇ ಅಲ್ಲವೇನೋ, ಚಾರ್ಜ್ ತುಂಬಿಕೊಂಡಿದೆ’ ಎಂದರು. ರಬ್ಬರ್ ಬ್ಯಾಂಡ್ ಹಾಕಿ ವರ್ಷಗಟ್ಟಲೆ ಜೇಬಿನಲ್ಲಿಟ್ಟುಕೊಂಡು ತಿರುಗಿದ ಮನುಷ್ಯನಿಗೆ ವಿಜ್ಞಾನದ ಹೆದರಿಕೆ ಎಲ್ಲಿಂದ ಬರಬೇಕು?

ಹಳೆಯದನ್ನು ಇ-ತ್ಯಾಜ್ಯದವರಿಗೆ ಒಪ್ಪಿಸಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಅಲ್ಲಿ ಸಿಗದ ಬಿಡಿಭಾಗವಿಲ್ಲ; ಗಾಡಿ ನಿಲ್ಲಿಸಲು ಜಾಗವೊಂದು ಸಿಗುವುದಿಲ್ಲ. ಅಂಗಡಿಯವನು ‘ಒರಿಜಿನಲ್ ಬೇಕೋ, ಒರಿಜಿನಲ್ ತರಹದ್ದು ಬೇಕೋ?’ ಎಂದು ಕೇಳಿದ.

‘ಎರಡಕ್ಕೂ ವ್ಯತ್ಯಾಸ ಏನು?’

‘ನೂರೈವತ್ತು ರೂಪಾಯಿ ಸರ್.’

ಇಷ್ಟು ಪ್ರಾಮಾಣಿಕ ಉತ್ತರ ಕೊಟ್ಟವನ ಬಳಿ ಚೌಕಾಸಿ ಮಾಡಲು ಮನಸ್ಸಾಗಲಿಲ್ಲ.

ಹೊಸ ಬ್ಯಾಟರಿ ಹಾಕಿ ಆನ್ ಮಾಡಿದರೆ ಫೋನು ತೋರಿಸಿದ್ದು 1970ರ ಜನವರಿ 1, ಬೆಳಗಿನ 5.30. ಆಂಡ್ರಾಯ್ಡ್ ಕಾಲವನ್ನು ಎಣಿಸುವುದು ಹಳೆಯ ಕಂಪ್ಯೂಟರ್ ಕಾರ್ಯವ್ಯವಸ್ಥೆಯಾದ ಯುನಿಕ್ಸ್‌ನ ಕ್ರಮದಲ್ಲಿ. 1970ರ ಮೊದಲ ದಿನದ ಗ್ರೀನಿಚ್ ನಡುರಾತ್ರಿಯಿಂದ ಒಂದೊಂದೇ ಸೆಕೆಂಡು ಕೂಡಿಸುತ್ತಾ ಬರುವುದು. ಲೆಕ್ಕ ತಪ್ಪಿದ ಫೋನು ಸೊನ್ನೆಗೆ ಮರಳುತ್ತದೆ, ಆ ಸೊನ್ನೆಗೆ ನಮ್ಮ ಐದೂವರೆ ಗಂಟೆ ಸೇರುತ್ತದೆ. ಹಾಗಾಗಿ ಇಂಗ್ಲೆಂಡಿನಲ್ಲಿ ಎಚ್ಚರ ತಪ್ಪಿದ ಫೋನು ಅಪರಾತ್ರಿಯಲ್ಲಿ ಕಣ್ಣುಬಿಟ್ಟರೆ ನಮ್ಮದು ಶಿಸ್ತಾಗಿ ಸುಪ್ರಭಾತದ ಹೊತ್ತಿಗೆ ಏಳುತ್ತದೆ. ಶಿಸ್ತಿನಿಂದ ಪ್ರಯೋಜನವಾಗಲಿಲ್ಲ. ಸಿಮ್ ಇಲ್ಲದ್ದರಿಂದ ಸಮಯ ತಾನಾಗಿ ಸರಿಹೋಗಲಿಲ್ಲ. ಬ್ರೌಸರಿನಲ್ಲಿ ಯಾವ ತಾಣಕ್ಕೆ ಹೋದರೂ ಅಪಾಯವೆಂಬ ಎಚ್ಚರಿಕೆ. ತಾಣಗಳ ಭದ್ರತಾ ಪ್ರಮಾಣಪತ್ರಗಳಿಗೆ ಶುರುವಾಗುವ ದಿನಾಂಕ ಒಂದಿರುತ್ತದೆ. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲದಲ್ಲಿ ಕುಳಿತ ಫೋನಿಗೆ ಆ ಪತ್ರಗಳೆಲ್ಲ ಹುಟ್ಟಬೇಕಾದವುಗಳು. ದಿನಾಂಕ ತಿದ್ದಿದೆ. ಅರ್ಧ ಶತಮಾನ ದಾಟಲು ಅರ್ಧ ನಿಮಿಷ ಸಾಕಾಯಿತು.

ಪಂಚಾಂಗದ ಗುಟ್ಟು ಇನ್ನೂ ಸುಲಭದ್ದು. ಫೋನನ್ನು ಆಫ್ ಮಾಡಿ, ಚಾರ್ಜಿಂಗ್ ತೂತಿನೊಳಗೆ ಮರದ ಹಲ್ಲುಕಡ್ಡಿಯನ್ನು ಮೆಲ್ಲಗೆ ಆಡಿಸಿದೆ (ಸೂಜಿ, ಪಿನ್ನು ಹಾಕಿದರೆ ಒಳಗಿನ ಲೋಹದ ಹಲ್ಲುಗಳು ಹಾಳಾಗಬಹುದು). ಜೇಬಿನ ನೂಲಿನ ಉಂಡೆ ಹೊರಬಂತು, ಜೊತೆಗೆ ಅಡಿಕೆ ಪುಡಿ. ಈಗ ಪಿನ್ನು ನೆಟ್ಟಗೆ ಕೂರುತ್ತದೆ. ಇಯರ್‌ಫೋನಿನ ತೂತಿನಲ್ಲೂ ಅದೇ ಅಡಿಕೆ. ವೈರು ಚುಚ್ಚಿದ್ದಾರೋ ಇಲ್ಲವೋ ಎಂದು ತಿಳಿಸುವ ಸಣ್ಣ ಸಂಪರ್ಕವೊಂದು ಅಲ್ಲಿರುತ್ತದೆ. ಕೊಳೆ ಸೇರಿ ಅದು ಮೋಸಹೋದರೆ, ಇಲ್ಲದ ಇಯರ್‌ಫೋನಿಗೆ ಫೋನು ಎಲ್ಲ ಮಾತನ್ನೂ ಕಳುಹಿಸುತ್ತಾ ಕೂರುತ್ತದೆ. ಅದೂ ಸರಿಯಾಯಿತು. ಉಳಿದದ್ದು ನಿಧಾನಗತಿಯೊಂದೇ: 16 ಜಿಬಿಯಲ್ಲಿ ಸಿಸ್ಟಮ್ ತಿಂದು ಮಿಕ್ಕದ್ದನ್ನೆಲ್ಲ ಶುಭೋದಯದ ಗುಲಾಬಿಗಳು ತುಂಬಿದ್ದವು.

ಅಷ್ಟರಲ್ಲಿ ಭಾವನವರ ಮಗ ಬಂದ. ಡಿಪ್ಲೊಮಾ ಓದುತ್ತಾನೆ, ವಿಡಿಯೋಗಳನ್ನು ನೋಡಿ ಎಲ್ಲ ಕಲಿತಿದ್ದಾನೆ. ‘ಮಾವ, ಒಂದೊಂದೇ ಚಿತ್ರ ಅಳಿಸುತ್ತಾ ಯಾವಾಗ ಮುಗಿಸುತ್ತೀರಿ?’ ಎಂದವನೇ ನಾನು ನೀರು ಕುಡಿದು ಬರುವಷ್ಟರಲ್ಲಿ ಪವರ್ ಗುಂಡಿ, ವಾಲ್ಯೂಮ್ ಗುಂಡಿ ಎರಡನ್ನೂ ಒತ್ತಿ ಹಿಡಿದು ಫೋನನ್ನು ರೀಸೆಟ್ ಮಾಡಿಬಿಟ್ಟಿದ್ದ. ಸೆಟ್ಟಿಂಗ್ಸ್ ಒಳಗೆ ಹೋಗಿ ಇದನ್ನೇ ಮಾಡಿದ್ದರೆ ಕಥೆ ಬೇರೆಯಾಗುತ್ತಿತ್ತು. ಗುಂಡಿ ಒತ್ತಿ ಅಳಿಸಿದರೆ ಕಳ್ಳನ ಕೆಲಸವಿರಬಹುದು ಎಂದು ಫೋನು ಶಂಕಿಸುತ್ತದೆ. 2015ರ ಆಂಡ್ರಾಯ್ಡ್ 5.1ರಿಂದ ಈ ಕಾವಲಿದೆ. ಹಿಂದೆ ಇದ್ದ ಗೂಗಲ್ ಖಾತೆಯ ಹೆಸರು, ಪಾಸ್‌ವರ್ಡ್ ಕೊಡುವ ತನಕ ಬಾಗಿಲು ತೆರೆಯುವುದಿಲ್ಲ.

ಖಾತೆಯ ಹೆಸರು ಅಕ್ಕನ ಹಳೆಯ ಲೆಕ್ಕದ ಪುಸ್ತಕದಲ್ಲಿ ಸಿಕ್ಕಿತು. ಪಾಸ್‌ವರ್ಡ್ ಇಟ್ಟವನು ಫೋನು ಮಾರಿದ ಅಂಗಡಿಯ ಹುಡುಗ. ಆ ಅಂಗಡಿ ಈಗ ಬೇಕರಿಯಾಗಿದೆ. ಮರೆತಿದ್ದೇವೆ ಎಂದು ಒತ್ತಿದೆವು. ನೋಂದಾಯಿತ ಸಂಖ್ಯೆಗೆ ಕೋಡ್ ಕಳುಹಿಸಿದ್ದೇವೆ ಎಂಬ ಉತ್ತರ ಬಂತು. ಆ ಸಂಖ್ಯೆಗೆ ಭಾವನವರು ರೀಚಾರ್ಜ್ ನಿಲ್ಲಿಸಿ ಬಹಳ ಕಾಲವಾಗಿತ್ತು. ಬಳಸದ ಸಂಖ್ಯೆಗಳನ್ನು ಕಂಪನಿಗಳು ಕೆಲವು ಕಾಲದ ನಂತರ ಬೇರೆಯವರಿಗೆ ಕೊಡುತ್ತವೆ. ಧೈರ್ಯ ಮಾಡಿ ಅದಕ್ಕೇ ಕರೆ ಮಾಡಿದೆ. ರಾಯಚೂರಿನ ಕಡೆಯ ಹಿರಿಯರೊಬ್ಬರು ಎತ್ತಿಕೊಂಡರು.

‘ನಮಸ್ಕಾರ ಸರ್, ನಿಮಗೆ ಈಗಷ್ಟೇ ಆರು ಅಂಕೆಯ ಒಂದು ಸಂದೇಶ ಬಂದಿದೆಯೇ?’

‘ಬಂದಿದೆ.’

‘ಅದನ್ನು ಸ್ವಲ್ಪ ಹೇಳುತ್ತೀರಾ? ನಮ್ಮ ಭಾವನವರ ಹಳೆಯ ಫೋನು...’

ಮುಂದಿನದನ್ನು ಅವರು ಕೇಳಲಿಲ್ಲ. ಯಾರಿಗೂ ಒಟಿಪಿ ಹೇಳಬೇಡಿ ಎಂದು ಬ್ಯಾಂಕಿನವರು, ಪೊಲೀಸರು ಬಡಿದುಕೊಂಡದ್ದೆಲ್ಲ ಆ ಮನುಷ್ಯನಲ್ಲಿ ಸಾರ್ಥಕವಾಗಿತ್ತು. ‘ಭಾವನ ಫೋನಂತೆ! ಹೋದ ಸಲದವನು ಮಗಳ ಮದುವೆ ಎಂದಿದ್ದ’ ಎಂದು ಗುಡುಗಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡುವುದಾಗಿ ಹೇಳಿ ಕರೆ ಕತ್ತರಿಸಿದರು. ಅಂಥವರು ನಾಲ್ಕು ಜನ ಇದ್ದರೆ ವಂಚಕರು ಅಂಗಡಿ ಮುಚ್ಚಬೇಕಾಗುತ್ತದೆ.

ಫೋನು ಈಗ ನೆಟ್ಟಗೆ ಚಾರ್ಜ್ ಆಗುತ್ತದೆ, ಸಮಯ ಸರಿ ಇದೆ, ಸದ್ದು ಚೆನ್ನಾಗಿ ಕೇಳಿಸುತ್ತದೆ. ಬಾಗಿಲಿನಾಚೆಯಿಂದಲೇ ಮಾಡಬಹುದಾದ ಕರೆ ಮಾತ್ರ ಒಂದೇ, ತುರ್ತು ಸೇವೆಯ 112. ಮೊನ್ನೆ ಅತ್ತಿಗೆ ಬಂದಿದ್ದಾಗ ಅದರ ಮೇಲೆ ಕಣ್ಣು ಹಾಕಿ, ಯಾರಿಗಾದರೂ ಕೊಡುವುದಿದ್ದರೆ ತಮಗೇ ಇರಲಿ ಎಂದರು. ‘ಧಾರಾಳವಾಗಿ ತೆಗೆದುಕೊಳ್ಳಿ’ ಎಂದೆ.