ಕಲ್ನಾರಿನ ಶೀಟಿಗೆ ನಿಷೇಧ ಬೇಕೇ?

ಬಿಳಿ ಕಲ್ನಾರು (ಆಸ್ಬೆಸ್ಟಾಸ್ ಎಂಬ ಖನಿಜ ನಾರಿನ ಒಂದು ಬಗೆ) ಬೆರೆಸಿದ ಸಿಮೆಂಟ್ ಶೀಟನ್ನು ಮನೆ, ಶಾಲೆ, ಕೊಟ್ಟಿಗೆಗಳಿಗೆ ಹೊದಿಸುವುದನ್ನು ಸರ್ಕಾರ ಪೂರ್ತಿ ನಿಲ್ಲಿಸಬೇಕೇ? ಶಿವಮೊಗ್ಗದಲ್ಲಿ ಮನೆ ಕಟ್ಟಿಸುವ ಎಂಜಿನಿಯರ್ ಒಬ್ಬರು ಬೇಕು ಎನ್ನುತ್ತಾರೆ. ಬೇಡ ಎನ್ನುವ ಪಕ್ಷವನ್ನು ಹೊಸನಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರಿಗೆ ಒಪ್ಪಿಸಲಾಗಿತ್ತು.

ಪರ: ಕತ್ತರಿಸುವ ಹುಡುಗನ ಲೆಕ್ಕ ಯಾವ ರಿಜಿಸ್ಟರಿನಲ್ಲಿದೆ?

"ನಲವತ್ತು ವರ್ಷದಿಂದ ಈ ಶೀಟಿನ ಕೆಳಗೇ ಮಲಗ್ತಿದೀವಿ, ಏನಾಗಿದೆ ಮೇಡಂ?"

ಸೈಟಿನಲ್ಲಿ ಈ ಪ್ರಶ್ನೆ ಎದುರಾಗುತ್ತಲೇ ಇರುತ್ತದೆ. ಮಲಗಿದವರ ಮಾತು ಆಮೇಲೆ. ಮೊದಲು ಅದನ್ನು ಹೊದಿಸಿದವನ ಹತ್ತಿರ ಬನ್ನಿ.

ಮೇ ತಿಂಗಳ ಕೊನೆ. ಮಳೆ ಹಿಡಿಯುವುದರೊಳಗೆ ಮಾಡು ಮುಗಿಸಬೇಕೆಂಬ ಧಾವಂತ ಎಲ್ಲರಿಗೂ. ಅಂಗಳದಲ್ಲಿ ಎರಡು ಜಂಬಿಟ್ಟಿಗೆ ಕಲ್ಲಿನ ಮೇಲೆ ಶೀಟು ಮಲಗಿಸಿ, ಒಂದು ಕಾಲಿನಿಂದ ಒತ್ತಿ ಹಿಡಿದು ಹುಡುಗ ಗ್ರೈಂಡರ್ ಹಚ್ಚುತ್ತಾನೆ. ಶೀಟು ಇರುವುದು ಆರು ಮಿಲಿಮೀಟರ್ ದಪ್ಪ, ಏಳುವ ದೂಳು ಆಳೆತ್ತರ. ನುಣ್ಣನೆಯ ಬೂದು ಪುಡಿ ಮೊಣಕಾಲಿನಿಂದ ಹುಬ್ಬಿನವರೆಗೂ ಕೂರುತ್ತದೆ. ಮೂಗಿಗೆ ಟವೆಲು ಸುತ್ತಿಕೊಂಡಿದ್ದರೆ ಅದೇ ದೊಡ್ಡ ಜಾಗ್ರತೆ. ಸಂಜೆ ಅದೇ ಟವೆಲಿನಲ್ಲಿ ಮುಖ ಒರೆಸಿ, ಕೊಡವಿ, ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುತ್ತಾನೆ. ಬಟ್ಟೆ ಒಗೆಯುವುದು ಮನೆಯಲ್ಲಿ ಅಮ್ಮನೋ ಹೆಂಡತಿಯೋ. ಕಾರ್ಖಾನೆಯ ಬಾಗಿಲು ದಾಟದೆ, ಗಂಡನ ಕೆಲಸದ ಬಟ್ಟೆ ಒಗೆದೇ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರಿಗೆ ತುತ್ತಾದ ಹೆಂಗಸರ ಉದಾಹರಣೆಗಳು ಬೇರೆ ದೇಶಗಳಲ್ಲಿ ಎಷ್ಟೋ ದಾಖಲಾಗಿವೆ.

ಕಲ್ನಾರು ಕೊಳೆಯುವುದಿಲ್ಲ, ಸುಡುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಮಾಡಿಗೆ ಅದೇ ಗುಣ, ಎದೆಗೆ ಅದೇ ಶಾಪ. ಕಣ್ಣಿಗೆ ಕಾಣದ ನಾರು ಶ್ವಾಸಕೋಶದ ಆಳಕ್ಕೆ ಇಳಿದರೆ ದೇಹ ಅದನ್ನು ಕರಗಿಸಲಾರದೆ ಸುತ್ತ ಗಾಯ ಕಟ್ಟುತ್ತ ಹೋಗುತ್ತದೆ. ಹಾಗೆ ಗಟ್ಟಿಯಾದ ಶ್ವಾಸಕೋಶದ ಕಾಯಿಲೆಗೆ ಆಸ್ಬೆಸ್ಟೋಸಿಸ್ ಎನ್ನುತ್ತಾರೆ. ಶ್ವಾಸಕೋಶದ ಕ್ಯಾನ್ಸರ್, ಗಂಟಲಗೂಡಿನ ಕ್ಯಾನ್ಸರ್, ಅಂಡಾಶಯದ ಕ್ಯಾನ್ಸರ್ ಇದರ ಜತೆಗೆ. ಬಿಳಿ, ನೀಲಿ, ಕಂದು ಎಲ್ಲ ಬಗೆಯ ಕಲ್ನಾರೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳಿದೆ. ಇದಕ್ಕಿಂತ ಕಡಿಮೆ ದೂಳಾದರೆ ಪರವಾಗಿಲ್ಲ ಎಂಬ ಸುರಕ್ಷಿತ ಗೆರೆಯೂ ಗೊತ್ತಾಗಿಲ್ಲ. ಬೀಡಿ ಸೇದುವವನಾದರೆ ಅಪಾಯ ಹಲವು ಪಟ್ಟು. ಇದಿಷ್ಟೂ ಗೊತ್ತಾಗುವುದು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಕಳೆದ ಮೇಲೆ. ಆ ಹೊತ್ತಿಗೆ ಗ್ರೈಂಡರ್ ಹಿಡಿದ ಹುಡುಗನಿಗೆ ಅರವತ್ತು ದಾಟಿರುತ್ತದೆ, ತಾಲೂಕು ಆಸ್ಪತ್ರೆಯಲ್ಲಿ ಅದನ್ನು ಹಳೇ ಕೆಮ್ಮು ಅಂತಲೋ ಟಿ.ಬಿ. ಅಂತಲೋ ಬರೆದುಕೊಂಡಿರುತ್ತಾರೆ. "ಏನಾಗಿದೆ" ಎಂದು ಕೇಳುವವರಿಗೆ ಉತ್ತರ ಹೇಳಬೇಕಾದವರು ಉತ್ತರ ಹೇಳುವ ಸ್ಥಿತಿಯಲ್ಲೇ ಇರುವುದಿಲ್ಲ.

ಕಾನೂನು ಇಲ್ಲವೇ? ಇದೆ. ಕಾರ್ಖಾನೆಯಲ್ಲಿ ಆಸ್ಬೆಸ್ಟೋಸಿಸ್ ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕು. 1995ರಲ್ಲಿ ಸುಪ್ರೀಂ ಕೋರ್ಟು ಕಲ್ನಾರು ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಅವರು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಇಟ್ಟುಕೊಳ್ಳಬೇಕು ಎಂದು ಆದೇಶ ಮಾಡಿತು. ಆದರೆ ಇದೆಲ್ಲ ಕಾರ್ಖಾನೆಯ ಗೇಟಿನ ಒಳಗಿನ ಮಾತು. ಗೇಟು ದಾಟಿ ಲಾರಿ ಹತ್ತಿದ ಶೀಟು ತೀರ್ಥಹಳ್ಳಿಯ ಅಂಗಡಿಗೆ ಬಂದು, ಅಲ್ಲಿಂದ ಗೂಡ್ಸ್ ಆಟೋದಲ್ಲಿ ಘಟ್ಟದ ಅಂಚಿನ ಮನೆಯೊಂದರ ಅಂಗಳಕ್ಕೆ ಬಂದಾಗ ಅದನ್ನು ಕತ್ತರಿಸುವವನಿಗೆ ರಿಜಿಸ್ಟರೂ ಇಲ್ಲ, ಎಕ್ಸ್‌ರೇಯೂ ಇಲ್ಲ. ನನ್ನ ಇಡೀ ವಾದ ಇಷ್ಟೇ. ನಿಯಂತ್ರಿಸಿದರೆ ಸಾಕು, ನಿಷೇಧ ಯಾಕೆ ಎನ್ನುವವರು ಹೇಳಲಿ: ಸಾವಿರಾರು ಅಂಗಳಗಳಲ್ಲಿ ನಿಯಂತ್ರಣ ಮಾಡುವವರು ಯಾರು? ಗ್ರಾಮ ಪಂಚಾಯಿತಿಯ ಕಾರ್ಯದರ್ಶಿಯೇ?

ನಮ್ಮ ದೇಶದ ನೀತಿ ನೋಡಿದರೆ ನಗು ಬರುತ್ತದೆ. ಇಲ್ಲಿ ಕಲ್ನಾರು ಗಣಿಗೆ ಹೊಸ ಗುತ್ತಿಗೆ ಕೊಡುವುದನ್ನು 1986ರಲ್ಲೇ ನಿಲ್ಲಿಸಿದ್ದೇವೆ. ಕಲ್ನಾರಿನ ಕಸವನ್ನು ಹೊರದೇಶದಿಂದ ತರುವಂತಿಲ್ಲ. ಕಲ್ನಾರನ್ನೇ ಮೂಟೆ ಮೂಟೆಯಾಗಿ ರಷ್ಯಾ, ಬ್ರೆಜಿಲ್‌ಗಳಿಂದ ತರಬಹುದು! ದಶಕಗಟ್ಟಲೆ ಅಗೆದು ನಮಗೆ ಮಾರಿದ ಕೆನಡಾ 2018ರಲ್ಲಿ ತನ್ನಲ್ಲಿ ನಿಷೇಧಿಸಿತು. ಗಣಿಯಿಂದಲೇ ಬೆಳೆದ ಅಲ್ಲಿನ ಆಸ್ಬೆಸ್ಟಾಸ್ ಎಂಬ ಊರು 2020ರಲ್ಲಿ ಹೆಸರನ್ನೇ ಬದಲಿಸಿಕೊಂಡಿತು. ಬ್ರಿಟನ್ 1999ರಲ್ಲಿ ಬಿಳಿಯದನ್ನೂ ಬಿಟ್ಟಿತು, ಅಮೆರಿಕ ಎದ್ದದ್ದು 2024ರಲ್ಲಿ. ನಾವಿನ್ನೂ ಮಗ್ಗುಲು ಬದಲಿಸಿಲ್ಲ.

ಈಗ ಮಲಗಿದವರ ಮಾತು. ಗಟ್ಟಿಯಾಗಿರುವ ಶೀಟು ಸುಮ್ಮನಿದ್ದರೆ ನಾರು ಸಿಮೆಂಟಿನಲ್ಲೇ ಹಿಡಿದುಕೊಂಡಿರುತ್ತದೆ, ನಿಜ. ಮಲೆನಾಡಿನಲ್ಲಿ ಯಾವ ಶೀಟು ಸುಮ್ಮನಿರುತ್ತದೆ? ಆರು ತಿಂಗಳು ಮಳೆ ತಿಂದು ಪಾಚಿ ಹಿಡಿಯುತ್ತದೆ, ದೀಪಾವಳಿ ಕಳೆದ ಮೇಲೆ ತಂತಿ ಬ್ರಷ್ಷಿನಿಂದ ತಿಕ್ಕುತ್ತಾರೆ. ಮೇಲ್ಪದರದ ಸಿಮೆಂಟು ಸವೆದ ಹಳೆ ಶೀಟಿನ ಅಂಚನ್ನು ಹತ್ತಿರದಿಂದ ನೋಡಿ, ಬೆರಳಿಗೆ ಹತ್ತುವಂತೆ ಜುಂಗು ಎದ್ದಿರುತ್ತದೆ. ಮುರಿದ ಚೂರು ಎಲ್ಲಿಗೆ ಹೋಗುತ್ತದೆ ಎಂಬುದೂ ಗೊತ್ತಿದ್ದದ್ದೇ: ತೋಟದ ದಾರಿಯ ಕೆಸರಿಗೆ, ಬಾವಿಕಟ್ಟೆಯ ಸುತ್ತ, ಜೀಪಿನ ಗಾಲಿ ಹೂತುಹೋಗುವ ಗುಂಡಿಗೆ. ಗಾಲಿ ಅದನ್ನು ಅರೆಯುತ್ತಲೇ ಇರುತ್ತದೆ.

ಬಡವರ ಮಾತು ಎತ್ತುತ್ತಾರೆ. ಬಡವರ ಮೇಲಿನ ಈ ಕರುಣೆ ಶೀಟು ಮಾರುವಾಗ ಮಾತ್ರ ಉಕ್ಕುವುದು ಹೇಗೋ ನನಗೆ ತಿಳಿಯದು. ಕಲ್ನಾರಿಲ್ಲದ, ಬೇರೆ ನಾರು ಬೆರೆಸಿದ ಸಿಮೆಂಟ್ ಶೀಟು ಸಿಗುತ್ತದೆ. ಒಬ್ಬರ ಮನೆಯ ಅಂದಾಜುಪಟ್ಟಿಯಲ್ಲಿ ಅದನ್ನೇ ಬರೆದುಕೊಟ್ಟಿದ್ದೆ. ಹೋಗಿ ನೋಡಿದರೆ ಮಾಮೂಲಿ ಶೀಟೇ ಮಾಡಿನ ಮೇಲೆ ಕೂತಿತ್ತು. ಮೇಸ್ತ್ರಿಯನ್ನು ಕೇಳಿದೆ, ಅಂಗಡಿಯವನನ್ನು ಕೇಳಿ ಎಂದ. ಅಂಗಡಿಯವನು, "ಎರಡೂ ಒಂದೇ ಮೇಡಂ, ಇದು ಇನ್ನೂ ಗಟ್ಟಿ" ಎಂದ. ಮನೆಯವರು ಉಳಿದ ದುಡ್ಡಿಗೆ ಮುಂಬಾಗಿಲಿಗೆ ಕೆತ್ತನೆ ಮಾಡಿಸಿದ್ದರು, ಬಾಗಿಲು ಚೆನ್ನಾಗಿಯೇ ಇತ್ತು. ಅಂಗಡಿಯಲ್ಲಿ ಎರಡೂ ಇರುವವರೆಗೆ ಅಗ್ಗದ್ದೇ ಗೆಲ್ಲುತ್ತದೆ. ಅದಕ್ಕೇ ಅಂಗಡಿಯಲ್ಲೇ ಇರಬಾರದು ಎನ್ನುವುದು.

ಹೊಸ ಶೀಟಿನ ಮಾರಾಟ ನಿಲ್ಲಲಿ, ಮೊದಲು ಶಾಲೆ, ಅಂಗನವಾಡಿಗಳ ಮಾಡು ಬದಲಾಗಲಿ. ಹಳೆಯದನ್ನು ಬಿಚ್ಚುವಾಗ ನೀರು ಹೊಯ್ದು, ಒಡೆಯದೆ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೂಳಲು ಪ್ರತಿ ತಾಲೂಕಿಗೂ ಒಂದು ಜಾಗ ಗುರುತಾಗಲಿ. ಅದುವರೆಗೆ ನನ್ನ ಸೈಟಿನಲ್ಲಿ ಶೀಟಿಗೆ ಗ್ರೈಂಡರ್ ಹಚ್ಚುವಂತಿಲ್ಲ. ಮೇಸ್ತ್ರಿಗಳು ಬೈದುಕೊಂಡೇ ಒಪ್ಪಿದ್ದಾರೆ.

ವಿರೋಧ: ಮೊದಲು ಸೋರದ ಮಾಡು ಕೊಡಿ

ಸಂಪಾದಕರು ಫೋನ್ ಮಾಡಿ, "ಪರ ಬರೆಯೋರು ಬೇಕಾದಷ್ಟು ಜನ ಇದ್ದಾರೆ, ನೀವು ವಿರೋಧ ಬರೀರಿ" ಎಂದರು. ನನ್ನದು ಹಂಚಿನ ಮನೆ ಮಾರಾಯ್ರೆ ಎಂದೆ. ಕೊಟ್ಟಿಗೆಗೆ ಶೀಟು ಇದೆಯಲ್ಲ, ಸಾಕು ಎಂದರು. ಹೀಗೆ ಕೊಟ್ಟಿಗೆಯ ಅರ್ಹತೆಯ ಮೇಲೆ ಬರೆಯುತ್ತಿದ್ದೇನೆ.

ಕೊಟ್ಟಿಗೆಗೆ ಶೀಟು ಬಂದದ್ದು ಮಂಗಗಳ ದೆಸೆಯಿಂದ. ಮೊದಲು ಅಲ್ಲಿ ಅಡಿಕೆ ಸೋಗೆ ಇತ್ತು, ವರ್ಷ ವರ್ಷ ಹೊಸತು ಹೊದಿಸುತ್ತಿದ್ದೆವು. ಸೋಗೆ ಕಟ್ಟುವ ಆಳುಗಳು ಬೆಂಗಳೂರು ಸೇರಿದ ಮೇಲೆ ಅಪ್ಪ ಹಂಚು ಹೊದಿಸಿದರು. ಮಂಗಗಳಿಗೆ ಹಂಚು ಎಂದರೆ ಆಟದ ಸಾಮಾನು. ಒಂದೊಂದನ್ನೇ ಎತ್ತಿ ಒಳಗೆ ಇಣುಕುತ್ತವೆ, ತಿನ್ನುವಂಥದ್ದು ಕಂಡರೆ ಇಳಿಯುತ್ತವೆ, ಕಾಣದಿದ್ದರೆ ಸಿಟ್ಟಿನಿಂದ ಹಂಚನ್ನು ಅಂಗಳಕ್ಕೆ ಬಿಡುತ್ತವೆ. ಗರ್ನಾಲು ಹೊಡೆದೆವು. ಎದುರಿನ ಹಲಸಿನ ಮರದಲ್ಲಿ ಕೂತು ಹಲ್ಲು ಕಿಸಿದವು. ಪ್ಲಾಸ್ಟಿಕ್ ಹುಲಿ ತಂದು ಮಾಡಿನ ಮೇಲೆ ಕೂರಿಸಿದೆವು. ಹುಲಿಯ ಬಾಲ ಮೂರನೇ ದಿನ ತೋಟದಲ್ಲಿ ಸಿಕ್ಕಿತು. ಹಂಚು ಕೈಯಾಡಿಸಲು ಬರುತ್ತಿದ್ದವರಿಗೆ ವಯಸ್ಸಾಗಿ ಅವರೂ ಮಾಡು ಹತ್ತುವುದನ್ನು ಬಿಟ್ಟರು. ಒಂದು ಪುಷ್ಯ ಮಳೆಯ ರಾತ್ರಿ ದನಗಳು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದವು, ಗಬ್ಬದ ಹಸುವೊಂದು ನಡುಗುತ್ತಿತ್ತು. ಅಪ್ಪ ಹಳೇ ಕಂಬಳಿಯನ್ನು ಅದರ ಬೆನ್ನಿಗೆ ಹೊದಿಸಿ, ಬೆಳಗಿನವರೆಗೂ ಕೊಡೆ ಹಿಡಿದುಕೊಂಡು ಪಕ್ಕದಲ್ಲೇ ಇದ್ದರು. ಕೊಟ್ಟಿಗೆಯೊಳಗೆ ಕೊಡೆ! ಮಳೆ ಹೊಳವಾದ ಕೂಡಲೇ ಶೀಟು ಬಂತು. ಆಮೇಲೆ ಮಂಗಗಳು ಅದರ ಮೇಲೆ ಓಡಾಡುತ್ತವೆ, ಎತ್ತಲಾರವು. ಅಪ್ಪ ಅದನ್ನು ನೋಡಿ ಖುಷಿಪಟ್ಟಷ್ಟು ನನ್ನ ಮದುವೆಯಲ್ಲೂ ಪಟ್ಟಿರಲಿಲ್ಲ.

ತಗಡು ಹಾಕಿ ಎನ್ನುವವರು ಆಷಾಢದಲ್ಲಿ ಒಂದು ರಾತ್ರಿ ಅದರ ಕೆಳಗೆ ಮಲಗಿ ನೋಡಲಿ. ಆಗುಂಬೆಯ ಆಸುಪಾಸಿನ ಮಳೆ ತಗಡಿನ ಮೇಲೆ ಬಿದ್ದರೆ ಗಂಡ ಹೆಂಡತಿ ಜಗಳವಾಡಲೂ ಕೂಗಬೇಕು. ಅಗ್ಗದ ತಗಡಾದರೆ ಗಂಜಲದ ಹಬೆಗೆ ತುಕ್ಕು ಬೇರೆ. ಬಣ್ಣದ ಒಳ್ಳೆಯ ತಗಡಿಗೆ ಒಳ್ಳೆಯ ದುಡ್ಡೇ ಬೇಕು.

ಇನ್ನು ವಿಜ್ಞಾನ. ಪರ ಬರೆದವರು ಕ್ಯಾನ್ಸರ್ ಎಂದು ಹೆದರಿಸಿರುತ್ತಾರೆ. ಅವರ ಲೆಕ್ಕದಲ್ಲಿ ಶೀಟನ್ನು ಕಣ್ಣೆತ್ತಿ ನೋಡಿದವರೆಲ್ಲ ಮಣಿಪಾಲಕ್ಕೆ ಅಡ್ಮಿಟ್ ಆಗಬೇಕು. ಶೀಟಿನಲ್ಲಿ ಕಲ್ನಾರು ಇರುವುದು ನೂರಕ್ಕೆ ಹತ್ತು ಪಾಲಿನ ಆಸುಪಾಸು, ಉಳಿದದ್ದು ಸಿಮೆಂಟು, ಹಾರುಬೂದಿ. ಮಾಡಿನ ನೀರು ಕುಡಿದರೆ ಕೇಡು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಗೂ ಗಟ್ಟಿ ಸಾಕ್ಷ್ಯ ಸಿಕ್ಕಿಲ್ಲ. ಪೂರ್ತಿ ನಿಷೇಧ ಕೇಳಿದ ಅರ್ಜಿಯನ್ನು 2011ರಲ್ಲಿ ಸುಪ್ರೀಂ ಕೋರ್ಟು ವಜಾ ಮಾಡಿತು. ನಮ್ಮ ಹೆಂಗಸರು ಅಡಿಕೆ ಬೇಯಿಸುವ ಒಲೆಯ ಮುಂದೆ ತಿಂಗಳುಗಟ್ಟಲೆ ಕುಡಿಯುವ ಹೊಗೆಗೆ ಯಾರ ನಿಷೇಧವೂ ಇಲ್ಲ. ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಕಂಡ ಮಂಗನ ಕಾಯಿಲೆ ಬೇಸಿಗೆ ಬಂದರೆ ಈಗಲೂ ಜನರನ್ನು ಮಲಗಿಸುತ್ತದೆ. ಕೊಲ್ಲುವುದರಲ್ಲೂ ಒಂದು ಸರದಿ ಬೇಡವೇ? (ಹೌದು, ಇದು ಉತ್ತರವಲ್ಲ ಎಂದು ನನ್ನ ಮಗಳು ಈಗಷ್ಟೇ ಹೇಳಿ ಹೋದಳು. ಅವಳು ನರ್ಸಿಂಗ್ ಓದುತ್ತಿದ್ದಾಳೆ.)

ಕತ್ತರಿಸುವಾಗ ನೀರು ಹಾಕಬೇಕು, ಕೈಗರಗಸ ಬಳಸಬೇಕು, ಒಳ್ಳೆಯ ಮಾಸ್ಕ್ ಹಾಕಬೇಕು ಎಂದರೆ ನಾನೂ ಕೈ ಎತ್ತುತ್ತೇನೆ. ಶಾಲೆಯ ಮಾಡು ತೆಗೆಯಿರಿ, ಅದಕ್ಕೂ ತಕರಾರಿಲ್ಲ. ಇಷ್ಟೆಲ್ಲ ಒಪ್ಪಿದರೆ ವಿರೋಧ ಎಲ್ಲಿ ಉಳಿಯಿತು ಎಂದು ಸಂಪಾದಕರು ಕೇಳಬಹುದು. ಉಳಿದದ್ದು ಇಷ್ಟು: ನಿಷೇಧದ ಆದೇಶ ಬರುವ ದಿನ, ಹಳೇ ಶೀಟು ಎಲ್ಲಿ ಹಾಕಬೇಕು, ಇಳಿಸುವ ಕೂಲಿ ಯಾರದು, ಹೊಸತಕ್ಕೆ ಸಹಾಯಧನ ಎಷ್ಟು ಎಂಬುದೂ ಅದೇ ಕಾಗದದಲ್ಲಿ ಇರಲಿ. ಪಂಚಾಯಿತಿಗೆ ಹೋದರೆ ತಾಲೂಕು ಕಚೇರಿ, ಅಲ್ಲಿಗೆ ಹೋದರೆ ಶಿವಮೊಗ್ಗ ಎನ್ನಬಾರದು. ಆದೇಶ ಏಪ್ರಿಲ್ ಒಳಗೇ ಬರಲಿ, ಜೂನ್‌ನಲ್ಲಿ ಬಂದರೆ ಕೊಟ್ಟಿಗೆಯ ಮಾಡು ಬಿಚ್ಚಲು ನಾನಂತೂ ಒಪ್ಪುವುದಿಲ್ಲ.